ಹಣ ಕೇಳದ ಕಂಪೆನಿ

ಮೊದಲು ಖರ್ಚು. ಹೆಸರು ನೋಂದಣಿಗೆ ಸಾವಿರದ ಇನ್ನೂರ ತೊಂಬತ್ತೊಂಬತ್ತು ರೂಪಾಯಿ. ತರಬೇತಿಯ ಕಿಟ್ಟಿಗೆ ಎರಡು ಸಾವಿರದ ನಾನೂರ ಐವತ್ತು. ಕಿಟ್ಟೆಂದರೆ ಫೋನಿಗೆ ಬಂದ ಹನ್ನೊಂದು ಪುಟದ ಒಂದು ಫೈಲು, ಅದರಲ್ಲಿ ನಾಲ್ಕು ಪುಟ ಖಾಲಿ. ಸಾಫ್ಟ್‌ವೇರಿನ ಲೈಸೆನ್ಸಿಗೆ ಎರಡು ಸಾವಿರದ ಎಂಟುನೂರ ಐವತ್ತು. ಕಿವಿಗೆ ಹಾಕುವ ಹೆಡ್‌ಫೋನಿಗೆ ಐನೂರ ಐವತ್ತು. ಹಳೆ ಸಾಮಾನಿನ ಅಂಗಡಿಯಿಂದ ತಂದ ತಿರುಗುವ ಕುರ್ಚಿಗೆ ಒಂಬೈನೂರು. ಅದು ಎಡಕ್ಕೆ ಮಾತ್ರ ತಿರುಗುತ್ತಿತ್ತು. ಟೈಗೆ ನೂರ ಎಂಬತ್ತು. ನೆರೆಕರೆಗೆ ಹಂಚಿದ ಲಾಡುಗಳಿಗೆ ಮುನ್ನೂರ ಇಪ್ಪತ್ತು. ಒಟ್ಟು ಎಂಟು ಸಾವಿರದ ಐನೂರ ನಲವತ್ತೊಂಬತ್ತು.

ಇಷ್ಟು ಖರ್ಚು ಮಾಡಿ ಕಾಣಿಯೂರಿನ ತ್ಯಾಂಪಣ್ಣ ಗೌಡ ಸಂಪಾದಿಸಿದ್ದು ಒಂದು ಕೋರ್ಟು ನೋಟೀಸು. ಅದೂ ನಕಲಿ.

ತ್ಯಾಂಪಣ್ಣನಿಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಅವನು ಪುತ್ತೂರಿನ ದರ್ಬೆಯ ಒಂದು ಕೃಷಿಯಂತ್ರದ ಅಂಗಡಿಯ ಕೌಂಟರಿನಲ್ಲಿ ನಿಂತವನು. ಹುಲ್ಲು ಕತ್ತರಿಸುವ ಯಂತ್ರ, ಮದ್ದು ಬಿಡುವ ಪಂಪು, ಅವುಗಳ ನಟ್ಟು, ಬೋಲ್ಟು, ವಾಷರು ಇವೇ ಅವನ ಲೋಕ. ಕೃಷಿಕರು ಫೋನು ಮಾಡಿ ಯಂತ್ರವನ್ನು ಫೋನಿನ ಬುಡಕ್ಕೆ ಹಿಡಿದರೆ ಅದರ ಕೆಮ್ಮು ಕೇಳಿಯೇ ರೋಗ ಹೇಳುತ್ತಿದ್ದ. ಕನ್ನಡ, ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಯಾವ ಭಾಷೆಯಲ್ಲಿ ಕೇಳಿದರೂ ಅದೇ ಭಾಷೆಯಲ್ಲಿ ಒಂದಿಷ್ಟು ಬೈದು ಉತ್ತರ ಕೊಡುತ್ತಿದ್ದ. ಫೆಬ್ರವರಿಯಲ್ಲಿ ಧಣಿಗಳು ತೀರಿಕೊಂಡರು. ಮಕ್ಕಳು ಅಂಗಡಿಯನ್ನು ಐಸ್‌ಕ್ರೀಮ್ ಪಾರ್ಲರ್ ಮಾಡಿದರು. ಅವನಿಗೂ ಅಲ್ಲೇ ಇರಲು ಹೇಳಿದ್ದರು. ಆದರೆ ಸ್ಪಾನರ್ ಹಿಡಿದ ಕೈಯಲ್ಲಿ ಐಸ್‌ಕ್ರೀಮು ಉಂಡೆಯಾಗಿ ನಿಲ್ಲಲಿಲ್ಲ. ಮೂರನೆಯ ದಿನ ಒಂದು ಉಂಡೆ ಗಿರಾಕಿಯ ಸೀರೆಯ ಮೇಲೆ ಬಿದ್ದ ನಂತರ ಅವನೇ ಕೈಮುಗಿದು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಸೀತು, ಬಿ.ಕಾಂ. ಕೊನೆಯ ವರ್ಷದ ಮಗಳು ಸುಪ್ರಿತಾ, ಮತ್ತು ಹಿತ್ತಿಲಲ್ಲಿ ಮಗಳ ಫೀಸಿಗೆ ಸಾಲದಷ್ಟು ಅಡಿಕೆ. ಆಗ ಬಂದದ್ದು ಅಚ್ಚುತ ಭಾವನ ಉಪಕಾರ.

ಅಚ್ಚುತ ಎಂದರೆ ತ್ಯಾಂಪಣ್ಣನ ಅಕ್ಕ ರಾಜೀವಿಯ ಗಂಡ. ಮಡಿಕೇರಿ ರಸ್ತೆಯ ಕಲ್ಲುಗುಂಡಿಯಲ್ಲಿ ಅವನದೊಂದು ಹೋಟೆಲು. ಅಲ್ಲಿ ಕ್ಯಾಶಿನಲ್ಲಿ ಕೂರಲು ನಂಬಿಕೆಯ ಜನ ಬೇಕಿತ್ತು. ಜೂನ್ ಮೂವತ್ತರ ಒಳಗೆ ಬೇರೆ ಕೆಲಸ ಸಿಗದಿದ್ದರೆ ತ್ಯಾಂಪಣ್ಣ ಅಲ್ಲಿಗೆ ಹೋಗಬೇಕೆಂದು ಮಾತಾಯಿತು. ಅಚ್ಚುತ ಕೆಟ್ಟವನಲ್ಲ. ಆದರೆ ಒಬ್ಬನಿಗೆ ಉಪಕಾರ ಮಾಡಿದರೆ ಅದನ್ನು ಮಡಿಕೇರಿಗೆ ಹೋಗುವ ಪ್ರತಿಯೊಂದು ಬಸ್ಸಿನವರಿಗೂ ತಿಳಿಸುವುದು ಅವನ ಅಭ್ಯಾಸ. ಹಿಂದಿನ ಕ್ಯಾಶಿಯರ್ ಅವನ ದೊಡ್ಡಪ್ಪನ ಮಗ. "ಪಾಪ, ಮನೆಯಲ್ಲಿ ಸುಮ್ಮನೆ ಕೂತಿದ್ದ, ನಾನೇ ಕರ್ಕೊಂಡು ಬಂದದ್ದು" ಎಂಬ ಮಾತನ್ನು ಮೂರು ವರ್ಷ, ದಿನಕ್ಕೆ ನಲವತ್ತು ಸಲ ಕೇಳಿ ಅವನು ದುಬೈಗೆ ಓಡಿಹೋದ. ಹಾಗಾಗಿ ಜೂನ್ ಮೂವತ್ತರ ಒಳಗೆ ಕೆಲಸ ಹುಡುಕುವುದು ತ್ಯಾಂಪಣ್ಣನಿಗೆ ಹೊಟ್ಟೆಯ ಪ್ರಶ್ನೆ ಅಷ್ಟೇ ಆಗಿರಲಿಲ್ಲ, ಮುಖದ ಪ್ರಶ್ನೆಯೂ ಆಗಿತ್ತು.

ಮೇ ತಿಂಗಳಲ್ಲಿ ಅವನ ಫೋನಿಗೆ ಒಂದು ಸಂದೇಶ ಬಂತು. ಮನೆಯಲ್ಲೇ ಕುಳಿತು ಟೈಪಿಂಗ್, ತಿಂಗಳಿಗೆ ಇಪ್ಪತ್ತೆಂಟು ಸಾವಿರ. ಅವನು ಮರುಳಾಗಿ ಹಾರಲಿಲ್ಲ ಎಂಬುದನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಅವನು ತನಿಖೆ ಮಾಡಿಸಿದ. ತನಿಖೆಗೆ ಅವನಿಗೆ ಗೊತ್ತಿದ್ದ ಅತ್ಯಂತ ದೊಡ್ಡ ಅಧಿಕಾರಿಯನ್ನೇ ಹಿಡಿದ. ಅದು ರಾಜೀವಿ ಅಕ್ಕ.

ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನ ಗೌಡರ ಮನೆಗಳೆಲ್ಲ ರಾಜೀವಿಗೆ ಬಾಯಿಪಾಠ. ಹುಡುಗಿಗೆ ಹುಡುಗನನ್ನು ನೋಡುವವರು ಜಾತಕಕ್ಕೆ ಮೊದಲು ಅವಳನ್ನು ಕೇಳುತ್ತಿದ್ದರು. ಒಬ್ಬನ ಮನೆ ಯಾವುದು, ಅವನು ಯಾರ ಪೈಕಿ ಎಂದು ಗೊತ್ತಾದರೆ ಅವನು ಸಾಚಾ, ಗೊತ್ತಾಗದಿದ್ದರೆ ಕಳ್ಳ. ಈ ಒಂದು ನಿಯಮದ ಮೇಲೆ ಅವಳು ಅರುವತ್ತು ಮದುವೆ ಮಾಡಿಸಿದ್ದಳು. ಅವಳು ಆ ದಿನ ಕಾಣಿಯೂರಿಗೆ ಬಂದಿದ್ದಳು. ಕಂಪೆನಿಯ ಮ್ಯಾನೇಜರನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಅವಳ ಕೈಗೆ ಕೊಟ್ಟರು. ಅವನ ಹೆಸರು ಶ್ರೀಶ ಎಂದಿತ್ತು.

"ನಿಮ್ಮ ಮನೆ ಎಲ್ಲಿ ಆಯ್ತು?" ಎಂದು ರಾಜೀವಿ ಕೇಳಿದಳು.

"ಈಗ ಇರುದು ಬೆಂಗಳೂರಲ್ಲಿ, ಊರು ಮಂಗಳೂರು ಕಡೆ ಅಕ್ಕ."

"ಮಂಗಳೂರು ಅಂದ್ರೆ? ಪಂಜದ ಹತ್ತಿರವಾ?"

"ಪಂಜದ ಹತ್ತಿರವೇ."

"ಕೂತ್ಕುಂಜವಾ?"

"ಅಲ್ಲೇ ಅಕ್ಕ. ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಎಂತ. ಚೆನ್ನಪ್ಪ ಗೌಡ್ರ ಮಗನಾ ಹಾಗಾದ್ರೆ? ಮೊನ್ನೆ ಮೊಣಕಾಲು ಆಪರೇಷನ್ ಆದದ್ದು?"

"ಹೌದಕ್ಕ, ಅಪ್ಪನೇ. ಈಗ ಕೋಲು ಹಿಡಿದು ನಡೀತಾರೆ."

ರಾಜೀವಿ ಫೋನಿಗೆ ಕೈ ಮುಚ್ಚಿ, ಇವನು ನಮ್ಮ ಅತ್ತೆಯ ನಾದಿನಿಯ ಕಡೆಯವನು, ಒಳ್ಳೆ ಜನ, ಕಣ್ಣು ಮುಚ್ಚಿ ಸೇರು ಎಂದು ತಮ್ಮನಿಗೆ ಅಪ್ಪಣೆ ಕೊಟ್ಟಳು. ಪ್ರತಿಯೊಂದು ಪ್ರಶ್ನೆಯ ಒಳಗೂ ಉತ್ತರವನ್ನು ಅವಳೇ ಮಡಚಿಟ್ಟು ಕೊಟ್ಟಿದ್ದಳು, ಆ ಕಡೆಯವನು ಬಿಚ್ಚಿ ಓದಿದ್ದಷ್ಟೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಐದು ನಿಮಿಷದಲ್ಲಿ ಅವನು ತ್ಯಾಂಪಣ್ಣನನ್ನು ಮಾವ ಎಂದು ಕರೆಯತೊಡಗಿದ. ಸ್ವಂತದವರಿಂದ ಫೀಸು ತೆಗೆದುಕೊಳ್ಳಲು ತನಗೇ ನಾಚಿಕೆ, ಆದರೆ ಸಿಸ್ಟಮ್ ಬಿಡುವುದಿಲ್ಲ ಎಂದು ಸಂಕಟಪಟ್ಟ. ಸಾವಿರದ ನಾನೂರ ತೊಂಬತ್ತೊಂಬತ್ತರಲ್ಲಿ ಸಂಬಂಧದ ಲೆಕ್ಕಕ್ಕೆ ಇನ್ನೂರು ಕಡಿಮೆ ಮಾಡಿದ. ಆ ಇನ್ನೂರು ರೂಪಾಯಿಯ ಔದಾರ್ಯಕ್ಕೆ ಸೀತುವಿನ ಕಣ್ಣಲ್ಲಿ ನೀರು ಬಂತು.

ಕೆಲಸವೇನೋ ನಿಜವಾಗಿಯೂ ಬಂತು. ಮಂಜುಮಂಜಾದ ಮುನ್ನೂರು ಪುಟ; ನೋಡಿಕೊಂಡು ಹತ್ತು ದಿನದಲ್ಲಿ ಟೈಪು ಮಾಡಬೇಕು. ಕಂಪೆನಿ ಕೆಲಸವೆಂದ ಮೇಲೆ ಶಿಸ್ತು ಬೇಕೆಂದು ತ್ಯಾಂಪಣ್ಣ ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಅಂಗಿಗೆ ಟೈ ಕಟ್ಟಿ, ಕೆಳಗೆ ಲುಂಗಿಯುಟ್ಟು, ಜಗಲಿಯಲ್ಲಿ ಕೂರುತ್ತಿದ್ದ. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವನು ತಲೆ ಎತ್ತದೆ, ಆಫೀಸ್ ಟೈಮು, ಐದು ಗಂಟೆಯ ಮೇಲೆ ಬನ್ನಿ ಎಂದು ಕೈಸನ್ನೆ ಮಾಡುತ್ತಿದ್ದ. ಒಂದೇ ಬೆರಳಿನಲ್ಲಿ, ಮಗಳ ಹಳೆ ಲ್ಯಾಪ್‌ಟಾಪಿನಲ್ಲಿ, ಇನ್ನೂರ ಹನ್ನೆರಡು ಪುಟ ಮುಗಿಸಿದ.

ಹನ್ನೊಂದನೆಯ ದಿನ ನೋಟೀಸು ಬಂತು. ತಕ್ಕಡಿಯ ಚಿತ್ರ, ಮೂರು ಸೀಲು, ಕೆಂಪು ಅಕ್ಷರ. ಕರಾರು ಮುರಿದಿದ್ದೀರಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಏಳು ಸಾವಿರದ ಎಂಟುನೂರು ಕಟ್ಟದಿದ್ದರೆ ಬಂಧನ. ತ್ಯಾಂಪಣ್ಣ ಅಳಿಯ ಶ್ರೀಶನಿಗೆ ಫೋನು ಮಾಡಿದ. ಅಳಿಯ ಈಗ ಮಾವ ಎನ್ನಲಿಲ್ಲ. ಬೇರೆಯೇ ಗಂಟಲಿನಲ್ಲಿ, ಪೊಲೀಸರು ಹೊರಟಾಗಿದೆ ಎಂದ. ತ್ಯಾಂಪಣ್ಣ ಹೋಗಿ ಟೈ ಬಿಚ್ಚಿಟ್ಟು, ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ರಾಜೀವಿ ಸುಮ್ಮನಿರುವ ಹೆಂಗಸಲ್ಲ. ಮರ್ಯಾದಸ್ಥರ ಮನೆಯ ಹುಡುಗ ಹೀಗೆ ಮಾಡಿದರೆ ಅಪ್ಪನನ್ನೇ ಕೇಳುವುದೆಂದು ಕೂತ್ಕುಂಜದ ಚೆನ್ನಪ್ಪ ಗೌಡರಿಗೇ ನೇರ ಫೋನು ಮಾಡಿದಳು. ಬೆಂಗಳೂರಿನಲ್ಲಿರುವ ನಿಮ್ಮ ಮಗ ಶ್ರೀಶ ನನ್ನ ತಮ್ಮನ ಹಣ ತಿಂದಿದ್ದಾನೆ ಎಂದಳು.

"ನನಗೆ ಇರುದು ಎರಡು ಹೆಣ್ಣು," ಎಂದರು ಚೆನ್ನಪ್ಪ ಗೌಡರು. "ಬೆಂಗಳೂರಿನಲ್ಲಿ ನನಗೆ ಮಗ ಉಂಟು ಅಂತ ನಿನಗೆ ಹೇಳಿದ್ದು ಯಾರು?"

"ಅವನೇ ಹೇಳಿದ್ದು," ಎಂದಳು ರಾಜೀವಿ.

ದುರದೃಷ್ಟಕ್ಕೆ ಆ ಫೋನಿನ ಸ್ಪೀಕರೂ ತೆರೆದೇ ಇತ್ತು. ಚೆನ್ನಪ್ಪ ಗೌಡರ ಹೆಂಡತಿ ಫೋನು ಕಸಿದು, ಹುಡುಗನ ವಯಸ್ಸೆಷ್ಟು ಎಂದು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ರಾಜೀವಿ, ಸ್ವರ ಕೇಳಿದರೆ ಇಪ್ಪತ್ತೆಂಟು ಇರಬಹುದು ಎಂದಳು. ಮದುವೆಗೆ ಮೊದಲು ಗಂಡ ಒಂದೂವರೆ ವರ್ಷ ಬೆಂಗಳೂರಿನ ಗ್ಯಾರೇಜಿನಲ್ಲಿದ್ದದ್ದು ಹೆಂಡತಿಗೆ ನೆನಪಾಯಿತು. ಅವರು ಬೆರಳು ಮಡಚಿ ಎಣಿಸಿದರು. ಲೆಕ್ಕ ಸರಿಯಾಗಿ ಕೂತುಬಿಟ್ಟಿತು. ಮಾರನೆಯ ದಿನ ರಾಜೀವಿ, ಅಚ್ಚುತ ಇಬ್ಬರೂ ಕಾರು ಮಾಡಿಕೊಂಡು ಹೋಗಿ ದೇವರ ಮುಂದೆ ದೀಪ ಮುಟ್ಟಿ ಹೇಳಬೇಕಾಯಿತು. ಮೂರನೆಯ ದಿನ ಚೆನ್ನಪ್ಪ ಗೌಡರಿಗೆ ಮನೆಯಲ್ಲಿ ಊಟ ಸಿಕ್ಕಿತು.

ಇತ್ತ ಸೀತು ಗಂಡನನ್ನು ಎಬ್ಬಿಸಿ ಠಾಣೆಗೆ ಕರೆದೊಯ್ದಳು. ಬಂಧನಕ್ಕೆ ಸಿದ್ಧನಾಗಿ ತ್ಯಾಂಪಣ್ಣ ಬನಿಯನು, ಹಲ್ಲುಜ್ಜುವ ಬ್ರಶ್ಶು, ಬಿಪಿ ಮಾತ್ರೆ ಹಿಡಿದುಕೊಂಡೇ ಹೋಗಿದ್ದ. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಲತೀಶ್ ಒಳ್ಳೆಯ ಮನುಷ್ಯ. ನೋಟೀಸು ನೋಡಿ, ಈ ವಾರದಲ್ಲಿ ಇದು ನಾಲ್ಕನೆಯದು, ಸೀಲು ಕೂಡ ಬದಲಾಯಿಸುವುದಿಲ್ಲ ಸೋಂಬೇರಿಗಳು ಎಂದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ ದೂರು ಬರೆಸಿದರು. ಹಣ ಬರುವ ಭರವಸೆ ಇಲ್ಲ ಎಂದೂ ಹೇಳಿದರು. ಆಮೇಲೆ ತಿಳಿಸಿ ಹೇಳಿದರು: ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಫೀಸು ಕೇಳುವುದಿಲ್ಲ. ಕೇಳಿದನೆಂದರೆ ಅಲ್ಲಿಗೆ ಮುಗಿಯಿತು. ಅವಸರ ಮಾಡುವವನನ್ನು ನಂಬಬೇಡಿ. ಒಟಿಪಿ ಯಾರಿಗೂ ಹೇಳಬೇಡಿ. ಅವನು ಕೊಟ್ಟ ನಂಬರಿಗೆ ಫೋನು ಮಾಡಿ ವಿಚಾರಿಸಿದರೆ ಅವನೇ ಎತ್ತುತ್ತಾನೆ. ಕಂಪೆನಿಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ ಕೇಳಿ. ಕೊನೆಗೆ ಒಂದು ಮಾತು ಸೇರಿಸಿದರು. ಗೊತ್ತಿಲ್ಲದ ಟೈಪಿಂಗಿಗೆ ಯಾಕೆ ಹೋಗುವುದು, ನಿಮಗೆ ಗೊತ್ತಿರುವ ವಿದ್ಯೆ ಯಾರಿಗೆ ಬೇಕು ಎಂದು ನೋಡಿ.

ತ್ಯಾಂಪಣ್ಣನ ಗಾಬರಿಗೊಂಡ ತಲೆಯಲ್ಲಿ ಇದಿಷ್ಟೂ ಸೇರಿ ಒಂದೇ ವಾಕ್ಯವಾಗಿ ಉಳಿಯಿತು: ಫೋನು ಮಾಡಿದವರೆಲ್ಲ ಕಳ್ಳರು.

ಕೊನೆಯ ಮಾತು ಉಳಿದದ್ದು ಜೊತೆಗೆ ಬಂದು ಬಾಗಿಲ ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಸುಪ್ರಿತಾಳ ತಲೆಯಲ್ಲಿ. ಅಪ್ಪ ಅಂಗಡಿಯಲ್ಲಿ ಮಾರುತ್ತಿದ್ದ ಯಂತ್ರಗಳ ಕಂಪೆನಿಗಳನ್ನು ಅವಳು ಒಂದೊಂದಾಗಿ ಹುಡುಕಿದಳು. ಕೊಲ್ಲಾಪುರದ ಹರಿತ್‌ಕಾಂತಿ ಎಂಬ ಹುಲ್ಲು ಕತ್ತರಿಸುವ ಯಂತ್ರದ ಕಂಪೆನಿಯ ಸ್ವಂತ ವೆಬ್‌ಸೈಟಿನಲ್ಲಿ, ಕನ್ನಡ ಮತ್ತು ತುಳು ಬಲ್ಲವರು ಗಿರಾಕಿಗಳ ದೂರು ಕೇಳಲು ಬೇಕು, ಮನೆಯಿಂದಲೇ ಕೆಲಸ ಎಂದಿತ್ತು. ಅವಳು ಅಪ್ಪನ ಹೆಸರಿನಲ್ಲಿ ಅರ್ಜಿ ಹಾಕಿದಳು. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಊರಿಗೆಲ್ಲ ಲಾಡು ಹಂಚುತ್ತಾರೆಂದು ಹೆದರಿದಳು. ಕಂಪೆನಿಯವರು ಹದಿನೈದು ದಿನದ ಮೇಲೆ ಮಾತಾಡುತ್ತೇವೆಂದು ಬರೆದಿದ್ದರಿಂದ ನಿಶ್ಚಿಂತೆಯಾಗಿ ಹತ್ತು ದಿನದ ಕಾಲೇಜು ಶಿಬಿರಕ್ಕೆ ಹೋದಳು. ಶಿಬಿರ ಇದ್ದದ್ದು ಫೋನಿಗೆ ರೇಂಜೇ ಸಿಗದ ಕಾಡಿನ ಬದಿಯಲ್ಲಿ.

ಕಂಪೆನಿಯವರು ಆರನೆಯ ದಿನವೇ ಫೋನು ಮಾಡಿದರು.

"ತ್ಯಾಂಪಣ್ಣ ಗೌಡ್ರು ಮಾತಾಡೋದೇನ್ರಿ? ನಾನು ವೃಷಾಲಿ ಗಾಯಕವಾಡ ಅಂತ, ಹರಿತ್‌ಕಾಂತಿ ಕಂಪೆನಿಯಿಂದ. ಕೆಲಸದ ಸಲುವಾಗಿ ಫೋನ್ ಮಾಡೇನ್ರಿ."

ನಿಪ್ಪಾಣಿ ಕಡೆಯ ಕನ್ನಡ. ಕಂಪೆನಿಯ ಹೆಸರು ಅಂಗಡಿಯ ಕಾಲದಿಂದ ಗೊತ್ತಿದ್ದದ್ದೇ, ಆದರೆ ಹೆಸರು ಯಾವ ಕಳ್ಳನೂ ಹೇಳಬಹುದು. ತ್ಯಾಂಪಣ್ಣನ ಬೆನ್ನು ನೆಟ್ಟಗಾಯಿತು. ಕೈಸನ್ನೆ ಮಾಡಿ ಸೀತುವನ್ನು ಸಾಕ್ಷಿಗೆ ಕರೆದ.

"ಫೀಸು ಎಷ್ಟು?" ಎಂದ.

"ಯಾವ ಫೀಸ್ರಿ?"

"ರಿಜಿಸ್ಟ್ರೇಶನ್."

"ಅಂಥಾದ್ದೇನಿಲ್ರಿ."

"ಹಾಗಾದ್ರೆ ಕಿಟ್ಟಿಗೆ?"

"ಕಿಟ್ ನಾವೇ ಕಳಿಸ್ತೀವ್ರಿ, ಪುಕ್ಕಟೆ."

ಇದು ಹೊಸ ಜಾತಿಯ ಕಳ್ಳತನವೆಂದು ತ್ಯಾಂಪಣ್ಣನಿಗೆ ಖಚಿತವಾಯಿತು. ಹಣ ಕೇಳುವ ಕಳ್ಳನ ಅಂದಾಜು ಅವನಿಗಿತ್ತು. ಹಣ ಕೇಳದ ಕಳ್ಳ ಎಲ್ಲಿಗೆ ಕೈ ಹಾಕುತ್ತಾನೆಂದು ಯಾರಿಗೆ ಗೊತ್ತು? ಅವನು ಯೋಚಿಸಿ, ಎದುರಾಳಿಯ ಆಟವನ್ನೇ ಎದುರಾಳಿಗೆ ಆಡುವುದೆಂದು ನಿಶ್ಚಯಿಸಿದ.

"ನೋಡಿ ಮೇಡಂ, ನಾನು ನಿಮ್ಮ ಕೆಲಸಕ್ಕೆ ಸೇರಬೇಕಾದ್ರೆ ನೀವು ಮೊದಲು ನನಗೆ ಸಾವಿರದ ಇನ್ನೂರ ತೊಂಬತ್ತೊಂಬತ್ತು ರೂಪಾಯಿ ಕಟ್ಟಬೇಕು."

"ಯಾಕ್ರಿ?"

"ಡಿಪಾಸಿಟ್. ಆರು ತಿಂಗಳು ಕಳೆದು ವಾಪಸು ಕೊಡ್ತೇನೆ. ನನಗೇ ನಾಚಿಕೆ ಆಗ್ತದೆ, ಆದ್ರೆ ನಮ್ಮ ಸಿಸ್ಟಮ್ ಬಿಡುದಿಲ್ಲ."

ಹತ್ತು ವರ್ಷದಿಂದ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದ ವೃಷಾಲಿಯ ಹತ್ತಿರ ಯಾರೂ ಹೀಗೆ ಕೇಳಿದ್ದಿಲ್ಲ. ಆದರೆ ತುಳು ಬಲ್ಲವರ ಅರ್ಜಿ ಬಂದದ್ದು ಎರಡೇ. ಅವಳು ತಾಳ್ಮೆಯಿಂದ, ಒಬ್ಬ ಗಿರಾಕಿಯ ದೂರು ಕೇಳಿಸುತ್ತೇನೆ, ನಿಮಗೇನು ಅನಿಸುತ್ತದೋ ಹೇಳಿ ಎಂದು ಒಂದು ಧ್ವನಿಮುದ್ರಣ ಹಾಕಿದಳು.

ಬೆಳ್ಳಾರೆ ಕಡೆಯ ಯಾರೋ ಒಬ್ಬರು ತುಳುವಿನಲ್ಲಿ ಕೂಗುತ್ತಿದ್ದರು. ಯಂತ್ರ ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಮೆಕ್ಯಾನಿಕ್ ಮೂರು ಸಲ ಕಾರ್ಬರೇಟರ್ ಬಿಚ್ಚಿದ, ದುಡ್ಡು ತೆಗೆದುಕೊಂಡ, ಯಂತ್ರ ಹಾಗೇ ಉಂಟು.

ತ್ಯಾಂಪಣ್ಣ ಕಳ್ಳರನ್ನೆಲ್ಲ ಮರೆತ.

"ಆ ಮೆಕ್ಯಾನಿಕನಿಗೆ ಬುದ್ಧಿ ಉಂಟಾ? ಕಾರ್ಬರೇಟರ್ ಯಾಕೆ ಬಿಚ್ಚುದು? ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಉಂಟು, ಗಾಳಿ ಹೋಗ್ಲಿಕ್ಕೆ. ಅದಕ್ಕೆ ಮಣ್ಣು ಕೂತಿದೆ. ಗಾಳಿ ಹೋಗದಿದ್ರೆ ಪೆಟ್ರೋಲ್ ಇಳಿಯುದು ಹೇಗೆ? ಸೂಜಿ ಹಾಕಿ ತೂತು ಬಿಡಿಸ್ಲಿಕ್ಕೆ ಹೇಳಿ. ಒಂದು ಪೈಸೆ ಖರ್ಚಿಲ್ಲ."

ವೃಷಾಲಿ ಇದನ್ನು ಬರೆದುಕೊಂಡಳು. ದನಿಯೇ ಬದಲಾಯಿತು. ಭಾಳ ಚಲೋ ಆತು, ಪತ್ರ ಕಳಿಸುತ್ತೇನೆ, ಸಂಬಳ ಹಾಕಲು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಆಮೇಲೆ ಬೇಕಾಗುತ್ತದೆ ಎಂದಳು. ಆಧಾರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತ್ಯಾಂಪಣ್ಣ ಬಿಸಿ ತವ ಮುಟ್ಟಿದವನಂತೆ ಫೋನು ಕೆಳಗಿಟ್ಟ. ನಂಬರನ್ನು ಬ್ಲಾಕ್ ಮಾಡಿದ. ಸೀತು ಗಂಡನ ಜಾಣತನಕ್ಕೆ ಹೆಮ್ಮೆಪಟ್ಟು ಚಾ ಮಾಡಿಕೊಟ್ಟಳು. ರಾಜೀವಿಗೆ ವರದಿ ಹೋಯಿತು. ಗಾಯಕವಾಡ ಎಂಬ ಮನೆ ಮೂರೂ ತಾಲೂಕಿನಲ್ಲಿಲ್ಲ, ಯಾರ ಪೈಕಿಯೂ ಅಲ್ಲದ ಹೆಂಗಸು ಎಂದ ಮೇಲೆ ಕಳ್ಳಿಯೇ ಎಂದು ಅವಳು ಮುದ್ರೆ ಒತ್ತಿದಳು.

ಜೂನ್ ಮೂವತ್ತು ಬಂತು. ಮಧ್ಯಾಹ್ನ ಅಚ್ಚುತ, ರಾಜೀವಿ ಕಾರಿನಲ್ಲಿ ಬಂದಿಳಿದರು. ಸುಪ್ರಿತಾ ಶಿಬಿರದಿಂದ ಇನ್ನೂ ಬಂದಿರಲಿಲ್ಲ. ತ್ಯಾಂಪಣ್ಣನ ಬ್ಯಾಗು ಜಗಲಿಯಲ್ಲಿತ್ತು. ಕ್ಯಾಶಿನಲ್ಲಿ ಹೇಗೆ ಕೂರಬೇಕು, ಗಿರಾಕಿಗೆ ಹೇಗೆ ನಗಬೇಕು ಎಂದು ಅಚ್ಚುತ ಊಟದುದ್ದಕ್ಕೂ ಹೇಳಿದ. ಬರುವ ದಾರಿಯಲ್ಲಿ ಐದು ಕಡೆ ಕಾರು ನಿಲ್ಲಿಸಿ, ಭಾವನಿಗೆ ಕೆಲಸ ಕೊಟ್ಟೆ ಪಾಪ ಎಂದು ಹೇಳಿಯೂ ಆಗಿತ್ತು. ತ್ಯಾಂಪಣ್ಣ ಅನ್ನ ಕಲಸುತ್ತಲೇ ಇದ್ದ, ತಿನ್ನಲಿಲ್ಲ.

ನಾಲ್ಕು ಗಂಟೆಗೆ, ಹೊರಡುವ ಹೊತ್ತಿಗೆ, ಮೊಯ್ದಿನಬ್ಬನ ರಿಕ್ಷಾ ಬಂತು. ಕಾಣಿಯೂರು ಪೇಟೆಗೆ ಬಂದ ಪಾರ್ಸೆಲುಗಳನ್ನು ಮನೆಗೆ ಮುಟ್ಟಿಸುವುದು ಅವನ ಇನ್ನೊಂದು ಕಸುಬು. ಅವನು ಮೂರು ಕಿಲೋ ತೂಗುವ ಒಂದು ರಟ್ಟಿನ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಸಹಿ ಕೇಳಿದ. ಎಷ್ಟು ಕೊಡಬೇಕು ಎಂದು ಸೀತು ಕೇಳಿದಳು. ಏನೂ ಇಲ್ಲ ಎಂದ. ಎಲ್ಲರ ಮುಖವೂ ಬಿಳಿಚಿಕೊಂಡಿತು.

ಮೇಲೆ ಕೊಲ್ಲಾಪುರದ ವಿಳಾಸವಿತ್ತು. ಸೀತು ಟಿವಿಯಲ್ಲಿ ನೋಡಿದ್ದಳು. ಹೀಗೆಯೇ ಒಂದು ಪಾರ್ಸೆಲು ಬರುತ್ತದೆ, ಒಳಗೆ ಅಮಲಿನ ಪುಡಿ ಇರುತ್ತದೆ, ಆಮೇಲೆ ಫೋನಿನಲ್ಲಿ ಪೊಲೀಸರು ಬಂದು ಮನೆಯೊಳಗೇ ಬಂಧಿಸುತ್ತಾರೆ. ಅಮಲು ಎಂದದ್ದೇ ಮೊಯ್ದಿನಬ್ಬ ಕೈಯನ್ನು ಅಂಗಿಗೆ ಒರೆಸಿಕೊಂಡು ನಾಲ್ಕು ಹೆಜ್ಜೆ ಹಿಂದೆ ಹೋದ. ವಾಪಸು ತೆಗೆದುಕೊಂಡು ಹೋಗು ಎಂದರೆ, ನನಗೆ ಮೂರು ಹೆಣ್ಣುಮಕ್ಕಳಿದ್ದಾರೆ ಮಾರಾಯ್ರೆ ಎಂದ. ಅಚ್ಚುತ ಕೋಲಿನಿಂದ ಪೆಟ್ಟಿಗೆಯನ್ನು ನೂಕಿದ. ಒಳಗೆ ಏನೋ ಕಟಕಟ ಎಂದಿತು. ಅವನು ಕಾರಿನ ಆಚೆ ಬದಿಗೆ ಹೋಗಿ ನಿಂತು, ಅಲ್ಲಿಂದ ಸಲಹೆ ಕೊಡತೊಡಗಿದ. ಯಾರೋ ಪೆಟ್ಟಿಗೆಯ ಮೇಲೆ ಅಡಿಕೆಯ ಬುಟ್ಟಿ ಕವುಚಿದರು. ಬುಟ್ಟಿಯ ಮೇಲೆ ಕಲ್ಲಿಟ್ಟರು. ಬೇಲಿಯ ಆಚೆ ಹದಿನಾಲ್ಕು ಜನ ಸೇರಿದರು.

ಠಾಣೆಗೆ ಫೋನು ಹೋಗಿ, ಲತೀಶ್ ಬೈಕಿನಲ್ಲಿ ಬಂದರು. ಕಲ್ಲು ತೆಗೆದರು, ಬುಟ್ಟಿ ತೆಗೆದರು, ವಿಳಾಸ ಓದಿದರು. ತ್ಯಾಂಪಣ್ಣ ನಡೆದದ್ದನ್ನೆಲ್ಲ ಹೇಳಿದ.

"ಆ ಹೆಂಗಸು ಹಣ ಕೇಳಿದಳಾ?" ಎಂದರು ಲತೀಶ್.

"ಇಲ್ಲ."

"ಒಟಿಪಿ?"

"ಇಲ್ಲ."

"ಹಾಗಾದ್ರೆ ನಿಮಗೆ ಸಂಶಯ ಬಂದದ್ದು ಎಂತದಕ್ಕೆ?"

"ಹಣವೇ ಕೇಳ್ಲಿಲ್ಲ ಮಾರಾಯ್ರೆ. ಅದಕ್ಕೇ."

ಲತೀಶ್ ಟೋಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಟೋಪಿ ಹಾಕಿಕೊಂಡರು. ಪೆಟ್ಟಿಗೆಯ ಮೇಲಿನ ನಂಬರು ಬೇಡ, ಆಕೆಯ ನಂಬರೂ ಬೇಡ, ಈ ಕಂಪೆನಿಯ ನಂಬರು ಬೇರೆಲ್ಲಾದರೂ ಉಂಟಾ ಎಂದು ಕೇಳಿದರು. ಉತ್ತರ ಹೊಳೆದದ್ದು ಸೀತುವಿಗೆ. ಕೊಟ್ಟಿಗೆಯಲ್ಲಿ ಎಂಟು ವರ್ಷ ಹಳೆಯ ಹುಲ್ಲು ಕತ್ತರಿಸುವ ಯಂತ್ರವೊಂದಿತ್ತು, ಅದೂ ಹರಿತ್‌ಕಾಂತಿಯೇ. ಸೀಮೆಎಣ್ಣೆ ಹಾಕಿ ಉಜ್ಜಿದಾಗ ಸ್ಟಿಕ್ಕರಿನ ಮೇಲೆ ಹತ್ತು ಅಂಕೆ ಕಂಡವು.

ಫೋನು ಹಚ್ಚಿದರು. ಹಿಂದಿಗೆ ಒಂದು, ಮರಾಠಿಗೆ ಎರಡು, ಕನ್ನಡಕ್ಕೆ ಮೂರು ಒತ್ತಿ ಎಂದಿತು. ತ್ಯಾಂಪಣ್ಣ ಮೂರು ಒತ್ತಿದ. ಸಂಗೀತ ಬಂತು. ಐದು ನಿಮಿಷ ಸಂಗೀತವೇ. ಕನ್ನಡಕ್ಕೆ ಜನವೇ ಇಲ್ಲ, ಬೋಗಸ್ ಕಂಪೆನಿ ಎಂದು ಅಚ್ಚುತ ಕಾರಿನ ಆಚೆಯಿಂದ ಘೋಷಿಸಿದ. ಲತೀಶ್ ಫೋನು ತೆಗೆದುಕೊಂಡು, ಮತ್ತೆ ಹಚ್ಚಿ ಒಂದು ಒತ್ತಿ, ಠಾಣೆಯ ಹಿಂದಿಯಲ್ಲಿ, ನಾನು ಪೊಲೀಸ್ ಲತೀಶ್, ಕಾಣಿಯೂರಿನಿಂದ, ವೃಷಾಲಿ ಗಾಯಕವಾಡ ಎಂಬವರನ್ನು ಕೊಡಿ ಎಂದರು. ಕೊಟ್ಟರು.

"ಪೊಲೀಸ್ ಅಂತ ಹೇಳಿ ಫೋನ್ ಮಾಡೋ ಕಳ್ಳರು ಈಗ ಬಹಳ ಆಗ್ಯಾರ್ರಿ," ಎಂದಳು ವೃಷಾಲಿ. "ನಾ ನಂಬಂಗಿಲ್ಲ." ಫೋನಿಟ್ಟಳು.

ಹದಿನೆಂಟು ವರ್ಷದ ಸೇವೆಯಲ್ಲಿ ಲತೀಶರಿಗೆ ಯಾರೂ ಹೀಗೆ ಹೇಳಿರಲಿಲ್ಲ. ಬೇಲಿಯ ಆಚೆ ಹದಿನಾಲ್ಕು ಜನರೂ ಬಾಯಿ ತೆರೆದು ನಿಂತರು. ಗಂಟೆ ನಾಲ್ಕು ಮೂವತ್ತೈದು.

ನಾಲ್ಕು ನಲವತ್ತಕ್ಕೆ ಲತೀಶರ ಫೋನು ಮೊಳಗಿತು. ವೃಷಾಲಿ ಠಾಣೆಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ, ಅಲ್ಲಿ ವಿಚಾರಿಸಿ, ಲತೀಶ್ ಎಂಬವರು ಕಾಣಿಯೂರಿಗೆ ಪೆಟ್ಟಿಗೆಯ ವಿಷಯಕ್ಕೆ ಹೋಗಿರುವುದು ಹೌದೆಂದು ಖಾತ್ರಿ ಮಾಡಿಕೊಂಡಿದ್ದಳು. ನಾನು ಠಾಣೆಯಲ್ಲಿ ಜನರಿಗೆ ಹೇಳಿ ಹೇಳಿ ಸುಸ್ತಾದದ್ದನ್ನು ಮಾಡಿ ತೋರಿಸಿದವಳು ಇವಳೊಬ್ಬಳೇ ಎಂದು ಲತೀಶ್ ಸಂತೋಷಪಟ್ಟರು. ಆದರೆ ಅವರು ಮಾತು ಮುಗಿಸುವ ಮೊದಲೇ ರಾಜೀವಿ ಫೋನು ತೆಗೆದುಕೊಂಡಿದ್ದಳು.

"ನೀವು ಪಂಜದ ಕಡೆಯವರಾ?"

"ಅಲ್ರಿ."

"ತಾಯಿಯ ಮನೆ ಸುಳ್ಯದ ಹತ್ತಿರವಾ?"

"ಅಲ್ರಿ."

"ಮರ್ಕಂಜದಲ್ಲಿ ಯಾರಾದ್ರೂ ನೆಂಟರು?"

"ಯಾರೂ ಇಲ್ರಿ ಅಕ್ಕಾರ. ನಾ ಆ ಊರ ಹೆಸರೇ ಕೇಳಿಲ್ಲ."

ರಾಜೀವಿ ಫೋನನ್ನು ಎದೆಗೊತ್ತಿಕೊಂಡಳು. ಅರುವತ್ತು ಮದುವೆಯ ಅನುಭವ ಅವಳೊಳಗೆ ಮಗುಚಿ ಬೀಳುತ್ತಿತ್ತು. "ಮೂರಕ್ಕೂ ಇಲ್ಲ ಅಂದಳು," ಎಂದಳು ನಿಧಾನಕ್ಕೆ. "ಇವಳು ಕಳ್ಳಿ ಅಲ್ಲ ತ್ಯಾಂಪ."

ತ್ಯಾಂಪಣ್ಣನ ಕೈಗೆ ಫೋನು ಬಂತು. ವೃಷಾಲಿ ವಿಷಯ ಹೇಳಿದಳು. ಅರ್ಜಿ ಬಂದದ್ದು ಅವನದೇ ಹೆಸರಿನಲ್ಲಿ. ಪೆಟ್ಟಿಗೆಯಲ್ಲಿರುವುದು ಬಿಡಿಭಾಗಗಳ ಕ್ಯಾಟಲಾಗು, ಒಂದು ಹೆಡ್‌ಫೋನು, ನೇಮಕದ ಪತ್ರದ ಎರಡು ಪ್ರತಿ. ನಾಲ್ಕು ದಿನದಿಂದ ಫೋನು ಮಾಡಿ ಮಾಡಿ ಸಾಕಾಗಿದೆ. ಇವತ್ತು ಸಂಜೆ ಐದರ ಒಳಗೆ ಒಪ್ಪಿಗೆ ಬರದಿದ್ದರೆ ಕೆಲಸ ಎರಡನೆಯ ಅರ್ಜಿಯವರಿಗೆ. ಬೆಳ್ಳಾರೆಯವರು ಟ್ಯಾಂಕಿನ ಮುಚ್ಚಳಕ್ಕೆ ಸೂಜಿ ಹಾಕಿದ ಮೇಲೆ ಯಂತ್ರ ಇಡೀ ದಿನ ಓಡಿತಂತೆ.

"ಈಗ ನಾನು ಮೂರು ಒತ್ತಿದೆ," ಎಂದ ತ್ಯಾಂಪಣ್ಣ. "ಯಾರೂ ಎತ್ಲಿಲ್ಲ."

"ಎತ್ತಬೇಕಾದವರು ನೀವಲ್ಲೇನ್ರಿ," ಎಂದಳು ವೃಷಾಲಿ. "ಆ ಕುರ್ಚಿ ನಿಮ್ಮ ಸಲುವಾಗಿ ಖಾಲಿ ಇಟ್ಟೇವಿ."

ಗಂಟೆ ನಾಲ್ಕು ಐವತ್ತೊಂದು. ತ್ಯಾಂಪಣ್ಣ ಕಡೆಯ ಸಲ ಸುತ್ತ ನೋಡಿದ. ಕಾರಿನ ಬಾಗಿಲು ತೆರೆದು ನಿಂತ ಅಚ್ಚುತನನ್ನು ನೋಡಿದ. ಲತೀಶ್ ತಲೆಯಾಡಿಸಿದರು. ಅವನು ಒಪ್ಪಿದೆ ಎಂದ. ಪೆಟ್ಟಿಗೆ ಒಡೆದು, ಲತೀಶರ ಪೆನ್ನಿನಲ್ಲಿ, ಮೊಯ್ದಿನಬ್ಬನ ಬೆನ್ನಿನ ಮೇಲೆ ಕಾಗದವಿಟ್ಟು ಸಹಿ ಮಾಡಿದ. ಸೀತು ಅದರ ಫೋಟೋ ತೆಗೆದು ಕಳಿಸಿದಳು. ಐದಕ್ಕೆ ನಾಲ್ಕು ನಿಮಿಷ ಇರುವಾಗ, ತಲುಪಿತು ಎಂದು ಉತ್ತರ ಬಂತು.

ಅಚ್ಚುತನಿಗೆ ಆದ ಆಘಾತವೇ ಎಲ್ಲಕ್ಕಿಂತ ದೊಡ್ಡದು. ಐದು ಕಡೆ ಕಾರು ನಿಲ್ಲಿಸಿ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲಾಗದೆ, ಹೋಗುವಾಗ ಅವನು ಬೇರೆ ದಾರಿಯಿಂದ ಹೋದ.

ತ್ಯಾಂಪಣ್ಣ ಮಾರನೆಯ ದಿನದಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೆಲಸ ಮಾಡುತ್ತಿದ್ದಾನೆ. ಗಿರಾಕಿಗಳನ್ನು ಬೈಯಬಾರದೆಂದು ಕಂಪೆನಿ ಎರಡು ಸಲ ಹೇಳಿದೆ. ಬೈಸಿಕೊಂಡವರು ಮಾತ್ರ ಮತ್ತೆ ಅವನನ್ನೇ ಕೇಳಿ ಫೋನು ಮಾಡುತ್ತಾರೆ. ಜುಲೈ ಕೊನೆಗೆ, ಕಡಿತವೆಲ್ಲ ಕಳೆದು, ಹದಿನಾರು ಸಾವಿರದ ಇನ್ನೂರ ನಲವತ್ತು ರೂಪಾಯಿ ಅವನ ಖಾತೆಗೆ ಬಂತು. ಸುಪ್ರಿತಾಳ ಫೀಸು ಕಟ್ಟಿಯಾಯಿತು. ಶ್ರೀಶ ಎಂಬವನಿಗೆ ಹೋದ ಆರು ಸಾವಿರದ ಐನೂರ ತೊಂಬತ್ತೊಂಬತ್ತು ಮಾತ್ರ ಹೋಯಿತು. ಅದು ವಾಪಸು ಬರಲಿಲ್ಲ.